ಹಳದಿ ವೈರಿನ ವೈರಿ
ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ಮೊದಲು ನೋಡುವುದು ಟಿವಿಯ ಮುಖವನ್ನಲ್ಲ, ಬೆನ್ನನ್ನು. ಮನೆಯವರು ಕುಡಿಯಲು ನೀರು ತರುವಷ್ಟರಲ್ಲಿ ಗೋಡೆಗೂ ಟಿವಿಗೂ ನಡುವೆ ತಲೆ ತೂರಿಸಿ, ಮಕ್ಕಳ ವಿಡಿಯೋ ಗೇಮಿಗೆ ಯಾವ ವೈರು ಸಿಕ್ಕಿಸಿದ್ದಾರೆಂದು ಪತ್ತೆ ಹಚ್ಚಿರುತ್ತಾನೆ. ಹಳದಿ ಪಿನ್ನಿನ ಹಳೇ ವೈರು ಕಂಡರಂತೂ ಸಾವಿನ ಮನೆಗೆ ಬಂದವನ ಮುಖ. "ಇಡೀ ಚಿತ್ರ ಒಂದೇ ವೈರಲ್ಲಿ ನುಗ್ಗಿದರೆ ಕಲಸುಮೇಲೋಗರ ಆಗದೆ ಇನ್ನೇನಾಗುತ್ತೆ? ಹಸಿರು, ನೀಲಿ, ಕೆಂಪು ಅಂತ ಮೂರು ವೈರಿರೋದು ಹಾಕಿ. ಹೊಸ ಗೇಮಾದರೆ ಎಚ್‌ಡಿಎಂಐ ಬಿಟ್ಟು ಮಾತೇ ಆಡಬೇಡಿ" ಎನ್ನುತ್ತಾನೆ. ಜೇಬಿನಲ್ಲಿ ಕರವಸ್ತ್ರ ಇಲ್ಲದಿದ್ದರೂ ಒಂದು ಕೇಬಲ್ ಇದ್ದೇ ಇರುತ್ತದೆ. ಕಾಲು ಮುರಿದುಕೊಂಡ ಗೆಳೆಯನನ್ನು ನೋಡಿಕೊಂಡು ಬಂದಾಗ ಅತ್ತೆ "ಹೇಗಿದ್ದಾರೆ?" ಎಂದು ಕೇಳಿದರೆ, "ಇನ್ನೂ ಹಳದಿಯಲ್ಲೇ ಇದ್ದಾನೆ, ಪಾಪ" ಎಂದನಂತೆ. ಇಂಥ ಮಾವ, ತನ್ನ ಅಕ್ಕ, ಅಂದರೆ ನನ್ನ ಅಮ್ಮ, ಬರುತ್ತಾಳೆಂದರೆ ಮಾತ್ರ ಬೀರುವಿನಿಂದ ಹಳದಿ ವೈರು ತೆಗೆದು, ಚಿಕ್ಕಂದಿನಲ್ಲಿ ಇಬ್ಬರೂ ಆಡುತ್ತಿದ್ದ ಗೇಮಿಗೆ ತಾನೇ ಸಿಕ್ಕಿಸುತ್ತಾನೆ. ಆ ಗೇಮಿನ ಜಲಪಾತ ಒಳ್ಳೇ ವೈರಿನಲ್ಲಿ ಬರೀ ಗೆರೆಗೆರೆಯಾಗಿ ಕಾಣುತ್ತದೆ. ಹಳದಿಯಲ್ಲಿ ಗೆರೆಗಳೆಲ್ಲ ಒಂದರೊಳಗೊಂದು ಕಲಸಿಕೊಂಡು ನೀರಾಗುತ್ತವೆ. "ಈಗ ನೋಡು, ಹೇಗೆ ಹರೀತಿದೆ" ಎನ್ನುತ್ತಾಳೆ ಅಮ್ಮ. ಐವತ್ತು ದಾಟಿದ ಮಾವ ಕೇಬಲ್ಲಿನ ಸುದ್ದಿಯನ್ನೇ ಎತ್ತದೆ, ಅವಳ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಅಕ್ಕಾ, ನನಗೂ ಒಂದು ಸಲ ಕೊಡೇ" ಎನ್ನುತ್ತಾನೆ.