ಎರಡನೇ ಭಾಗದಲ್ಲಿ ಆಮೆಯೇ ಹೀರೋ

ಆ ಸಿಡಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅದನ್ನು ಮಾಡಿದವರು ಯಾವ ದೇಶದವರೋ ಗೊತ್ತಿಲ್ಲ. ಸಿಕ್ಕಿದರೆ ಎರಡು ಮಾತು ಕೇಳುವುದಿದೆ, ಅದೂ ಅವರದೇ ಸ್ವರದಲ್ಲಿ.

ನಾನಾಗ ಒಂಬತ್ತನೇ ಕ್ಲಾಸು. ಎರಡು ಸಾವಿರದ ಆರೋ ಏಳೋ ಇರಬೇಕು. ಹೆದ್ದಾರಿ ಬದಿಯ ನಮ್ಮ ಕನ್ನಡ ಶಾಲೆಯಲ್ಲಿ ಶುಕ್ರವಾರ ಮಧ್ಯಾಹ್ನದ ಬಿಡುವು ಉದ್ದ. ಬ್ಯಾರಿ ಹುಡುಗರು ಜುಮಾ ನಮಾಜಿಗೆ ಮಸೀದಿಗೆ ಹೋಗಿ ಬರಬೇಕಲ್ಲ. ಉಳಿದ ನಾವು ಆ ಹೊತ್ತಿನಲ್ಲಿ ಬೆಂಚು ಮುರಿಯದಿರಲಿ ಎಂದು ಡ್ರಾಯಿಂಗ್ ಮಾಷ್ಟ್ರು ಟಿವಿ ಇದ್ದ ಕೋಣೆಯ ಕಿಟಕಿಗಳಿಗೆ ಬಟ್ಟೆ ಕಟ್ಟಿ ಸಿನಿಮಾ ಹಾಕುತ್ತಿದ್ದರು. ಒಂದು ಸಿನಿಮಾಕ್ಕೆ ಎರಡು ಸಿಡಿ, ಹಾಗಾಗಿ ಎರಡು ಶುಕ್ರವಾರ. ಇಂಗ್ಲಿಷ್ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಇಂಗ್ಲಿಷ್ ಟೀಚರಿಗೂ ಪೂರ್ತಿ ಆಗುತ್ತಿತ್ತೆಂದು ನಾನು ನಂಬುವುದಿಲ್ಲ. ಆದ್ದರಿಂದ ಟಿವಿಯ ಸ್ವರ ಪೂರ್ತಿ ಇಳಿಸಿ, ಪಕ್ಕದಲ್ಲಿ ಸ್ಟೂಲು ಹಾಕಿ ಕೂತು, ಎಲ್ಲರ ಮಾತನ್ನೂ ನಾನೇ ಕನ್ನಡದಲ್ಲಿ ಹೇಳುತ್ತಿದ್ದೆ.

ನಾನು ಕ್ಷಮಿಸದ್ದು ಎರಡನೇ ಭಾಗವನ್ನು; ಮೊದಲನೇ ಭಾಗ ಒಳ್ಳೆಯ ಕಾರ್ಟೂನ್ ಸಿನಿಮಾ. ಒಬ್ಬ ಚಿಕ್ಕ ಪ್ರಾಯದ ಕ್ಯಾಪ್ಟನ್ ಕಳೆದುಹೋದ ದ್ವೀಪವನ್ನು ಹುಡುಕಿಕೊಂಡು ಹೋಗುವುದು. ಅವನಿಗೆ ನಾನು ತಲಪಾಡಿ ಬಸ್ಸಿನ ಕಂಡಕ್ಟರನ ಗತ್ತು ಕೊಟ್ಟೆ. ಕಡಲ್ಗಳ್ಳನಿಗೆ ಲೆಕ್ಕದ ಮಾಷ್ಟ್ರ ಮೂಗು, ಬಿರುಗಾಳಿಗೆ ನನ್ನ ಅಜ್ಜಿಯ ಗೊರಕೆ. ಹಡಗಿನಲ್ಲಿ ಒಂದು ಮುದಿ ಆಮೆಯೂ ಇತ್ತು, ಕ್ಯಾಪ್ಟನ್ ಜತೆ ಮಾತಿಗೆ ಮಾತು ಸೇರಿಸುವುದೇ ಅದರ ಕೆಲಸ. ಎರಡು ಬಾಯಿ ಒಟ್ಟಿಗೆ ಆಡುವಾಗ ಒಬ್ಬನಿಂದ ಆಗದು. ಆಮೆಯನ್ನು ನನ್ನ ಬೆಂಚಿನವನಿಗೆ ದಾನ ಮಾಡಿದೆ.

ಅವನ ಮನೆಯಲ್ಲಿ ಕೊಂಕಣಿ. ಆದಿತ್ಯವಾರ ಇಗರ್ಜಿಯಲ್ಲಿ ಬೈಬಲಿನ ಗ್ರಂಥಪಾಠ ಓದುವ ಹುಡುಗ. ಕನ್ನಡವನ್ನೂ ಹಾಗೆಯೇ, ಎದುರಿಗೆ ಮುನ್ನೂರು ಜನ ತಲೆ ತಗ್ಗಿಸಿ ನಿಂತಿದ್ದಾರೆ ಎಂಬ ಹಾಗೆ ಮಾತಾಡುತ್ತಿದ್ದ. ಅದನ್ನು ಆಡಿ ತೋರಿಸಿ ನಾನು ಎರಡು ವರ್ಷ ಕ್ಲಾಸನ್ನು ನಗಿಸಿದ್ದೆ. ಅವನು ಎಂದೂ ಏನೂ ಹೇಳಿರಲಿಲ್ಲ. ಹೇಳದವನಿಗೆ ನೋವಾಗುವುದಿಲ್ಲ ಎಂಬ ಲೆಕ್ಕದಲ್ಲಿ ನಾನಿದ್ದೆ. ಲೆಕ್ಕದಲ್ಲಿ ನನ್ನ ಅಂಕ ಎಷ್ಟೆಂದು ಕೇಳಬೇಡಿ.

ಆ ವರ್ಷ ಸುತ್ತಲಿನ ಶಾಲೆಗಳೆಲ್ಲ ಸೇರುವ ಉಪಜಿಲ್ಲಾ ಕಲೋತ್ಸವದ ಮಿಮಿಕ್ರಿ ಸ್ಪರ್ಧೆಗೆ ಒಂದು ಶಾಲೆಯಿಂದ ಒಬ್ಬನೇ ಹೋಗಬಹುದಿತ್ತು. ಹೆಸರು ಕಳಿಸುವವರು ಡ್ರಾಯಿಂಗ್ ಮಾಷ್ಟ್ರು. "ಸರ್, ನನ್ನ ಹೆಸರು ಬರೆದಾಯ್ತಾ?" ಎಂದು ಕೇಳಿದೆ. "ಪಾರ್ಟ್ ಟೂ ಉಂಟಂತಲ್ಲ, ಅದು ಆಗ್ಲಿ. ಇಬ್ಬರನ್ನೂ ನೋಡಿ ಬರೀತೇನೆ" ಎಂದರು. ಇಬ್ಬರು ಯಾರೆಂದು ನನಗೆ ಹೊಳೆಯಲೇ ಇಲ್ಲ. ನಾನು ಕನ್ನಡಿಯ ಮುಂದೆ ಬಹುಮಾನ ತೆಗೆದುಕೊಳ್ಳುವುದನ್ನೂ ಕೊಡುವವರ ಭಾಷಣವನ್ನೂ ಅಭ್ಯಾಸ ಮಾಡುತ್ತಿದ್ದೆ.

ಬಂದ್ಯೋಡಿನ ಸಿಡಿ ಅಂಗಡಿಗೆ ಓಡಿದೆ. ಅಂಗಡಿಯ ಬ್ಯಾರಿಯನ್ನು ನಾವೆಲ್ಲ ಇಚ್ಚ, ಅಂದರೆ ಅಣ್ಣ, ಎನ್ನುತ್ತಿದ್ದೆವು. ಗಲ್ಫಿನಿಂದ ವಾಪಸು ಬಂದವರು, ಯಾವ ಸಿಡಿಯನ್ನೂ ಪೂರ್ತಿ ನೋಡದೆ ಎಲ್ಲವನ್ನೂ ಹೊಗಳುವವರು.

"ಟಾಕೀಸಿಗೆ ಬರ್ಲೇ ಇಲ್ಲ ಇದು. ನೇರ ಸಿಡಿಗೇ ಮಾಡಿದ್ದು. ಫ್ರೆಶ್ ಮಾಲು" ಎಂದು ಕೈಗಿತ್ತರು.

"ಕವರಿನಲ್ಲಿ ಆಮೆ ಮಾತ್ರ ಉಂಟಲ್ಲ ಇಚ್ಚ. ಹೀರೋ ಎಲ್ಲಿ?"

"ಹೀರೋ ಒಳಗೆ ಉಂಟು. ಬಿಸಿಲಿಗೆ ಎಂತಕ್ಕೆ ಬರುದು ಅವ?"

ಮನೆಯಲ್ಲಿ ಹಾಕಿ ನೋಡಿದೆ. ಟಾಕೀಸಿನ ಭಯ ಇಲ್ಲದವರು ಹೇಗೆ ಸಿನಿಮಾ ಮಾಡುತ್ತಾರೆಂದು ಅವತ್ತು ತಿಳಿಯಿತು. ಮೊದಲನೇ ಭಾಗದಲ್ಲಿ ಉಕ್ಕುತ್ತಿದ್ದ ಕಡಲು ಇದರಲ್ಲಿ ನೀಲಿ ಬಣ್ಣ ಹೊಡೆದ ಸಿಮೆಂಟು ನೆಲ. ಹಡಗಿನ ಪಕ್ಕದಲ್ಲಿ ಒಂದೇ ಬಂಡೆ ಏಳು ಸಲ ಹಿಂದಕ್ಕೆ ಹೋಯಿತು. ಕ್ಯಾಪ್ಟನಿಗೆ ಬೇರೆ ಯಾರದೋ ಸ್ವರ, ಗಟ್ಟಿಯಾಗಿ ಊಟ ಮಾಡಿ ಬಂದವನ ಹಾಗೆ. ಅದೂ ಎಷ್ಟು? ಮೊದಲಲ್ಲಿ ಬಂದು "ಹಡಗು ನೋಡಿಕೋ" ಎಂದು ಆಮೆಗೆ ಹೇಳಿ ಹೋದವನು ಮತ್ತೆ ಬರುವುದು ಕೊನೆಯ ದೃಶ್ಯಕ್ಕೆ. ನಡುವಿನ ಒಂದು ಗಂಟೆ ಆಮೆಯೇ ಮಾತಾಡುತ್ತದೆ, ಆಮೆಯೇ ದ್ವೀಪ ಹುಡುಕುತ್ತದೆ, ಆಮೆಗೆ ಒಂದು ಹಾಡು ಬೇರೆ.

ಮರುದಿನ ಬೆಂಚಿನವನಿಗೆ ಹೇಳಿದೆ, "ಈ ಸಲ ಆಮೆ ನಾನು. ನೀನು ಕ್ಯಾಪ್ಟನ್. ಪ್ರಮೋಷನ್ ಅಂತ ತಿಳ್ಕೋ."

"ಸಿಡಿ ನಾನೂ ನೋಡಿದ್ದೇನೆ."

"ಆಮೆಗೆ ತುಂಬ ಮಾತುಂಟು ಮಾರಾಯ. ನಿನ್ನಿಂದ ಆಗ್ಲಿಕ್ಕಿಲ್ಲ."

"ಆಮೆ ನನ್ನದು" ಎಂದ. ಗ್ರಂಥಪಾಠದ ಸ್ವರದಲ್ಲೇ.

ಶುಕ್ರವಾರ ಇಬ್ಬರೂ ಸ್ಟೂಲು ಹಾಕಿ ಕೂತೆವು. ಆಮೆ ಬಾಯಿ ತೆರೆದದ್ದೇ ಇಬ್ಬರೂ ಒಟ್ಟಿಗೆ ಶುರು ಮಾಡಿದೆವು. ಮಾಷ್ಟ್ರು ಸಿಡಿ ನಿಲ್ಲಿಸಿ, "ಮೊದಲನೇ ಪಾರ್ಟಿನಲ್ಲಿ ಯಾರಿಗೆ ಯಾವುದೋ ಅದೇ" ಎಂದು ತೀರ್ಪು ಕೊಟ್ಟರು. ಕ್ಯಾಪ್ಟನ್ ಮೂರು ನಿಮಿಷದಲ್ಲಿ ಹೊರಟುಹೋದ. ನನಗೆ ಉಳಿದದ್ದು ಗಾಳಿ, ಅಲೆ ಮತ್ತು ಬಾಗಿಲು.

ಅವುಗಳಲ್ಲೇ ಅವನನ್ನು ಮುಳುಗಿಸಲು ನೋಡಿದೆ. ಆಮೆ ಮಾತಾಡಲು ಹೊರಟಾಗೆಲ್ಲ ದೊಡ್ಡ ಅಲೆ ಎಬ್ಬಿಸಿದೆ. ಅದು ಹಾಡುವಾಗ ಅಜ್ಜಿಯ ಗೊರಕೆಯನ್ನು ಪೂರ್ತಿ ಬಿಟ್ಟೆ. ಪರದೆಯ ಮೇಲೆ ಬಿಸಿಲು, ಎಲೆ ಕೂಡ ಅಲ್ಲಾಡುತ್ತಿಲ್ಲ, ಕೋಣೆಯಲ್ಲಿ ತುಫಾನು. ಹುಡುಗರು ನಕ್ಕರು. ಅವನ ಒಂದು ಮಾತೂ ಯಾರಿಗೂ ಕೇಳಿಸಲಿಲ್ಲ. ಬಿಡುವು ಮುಗಿದಾಗ ಅವನು ಸ್ಟೂಲನ್ನು ಗೋಡೆಗೆ ಒರಗಿಸಿ ಇಟ್ಟು, "ಇನ್ನೊಂದು ಸಿಡಿ ಉಂಟಲ್ಲ" ಎಂದಷ್ಟೇ ಹೇಳಿದ.

ಆ ವಾರ ಅವನು ನನ್ನ ಪಕ್ಕದಲ್ಲೇ ಕೂತ, ಮಾತಾಡಲಿಲ್ಲ. ನಾನು ಮಾತ್ರ ಎಡೆಬಿಡದೆ ಕೆಣಕಿದೆ. ಊಟಕ್ಕೆ ಕೂತಾಗ ಆಮೆಯ ಹಾಗೆ ಕತ್ತು ಚಾಚಿದೆ. ಅವನ ಅಮ್ಮ ಕೊಟ್ಟ ಮೀನಿನ ಸಾರನ್ನು ತೋರಿಸಿ "ಇದು ನಿನ್ನ ಅತ್ತೆಯಾ?" ಎಂದು ಕೇಳಿದೆ. ಅವನು ಅಗಿಯುತ್ತಾ ನನ್ನ ಬಾಯಿಯನ್ನೇ ನೋಡುತ್ತಿದ್ದ. ಸೋತ ಮುಖ ಎಂದುಕೊಂಡೆ.

ಎರಡನೇ ಶುಕ್ರವಾರ ಮಾಷ್ಟ್ರು ನನ್ನ ಅಲೆಗಳನ್ನು ನಿಷೇಧಿಸಿ, ಕ್ಯಾಪ್ಟನ್ ಬರುವವರೆಗೆ ಬಾಗಿಲ ಬಳಿ ಕೂರಿಸಿದರು. ಪರದೆಯ ಮೇಲೆ ಆಮೆ ಬಂತು. ಬೆಂಚಿನವನು ಮೂಗನ್ನು ಒಂದು ಸಲ ಸೊರ್ ಎಂದು ಎಳೆದು, "ಅದೆಲ್ಲ ಬಿಡು, ನಾನು ಹೇಳ್ತೇನೆ ಕೇಳು" ಎಂದು ಶುರು ಮಾಡಿದ. ಆಮೆ ಮೀನುಗಳಿಗೆ ಬುದ್ಧಿ ಹೇಳಿತು, ಏಡಿಯನ್ನು ಕೆಣಕಿತು, ತನ್ನ ಜೋಕಿಗೆ ತಾನೇ ಎಲ್ಲರಿಗಿಂತ ಮೊದಲು ನಕ್ಕಿತು. ಯಾವನೋ ಬಡಾಯಿಕೋರ, ಮೂಗು ಸ್ವರದವನು. ಯಾರನ್ನು ಮಾಡುತ್ತಿದ್ದಾನೆಂದು ನನಗೆ ತಿಳಿಯಲಿಲ್ಲ. ಮುಂದಿನ ಸಾಲಿನವರು ತಿರುಗಿ ತಿರುಗಿ ನನ್ನನ್ನು ನೋಡುತ್ತಿದ್ದರು.

ಅಷ್ಟರಲ್ಲಿ ಮಸೀದಿಗೆ ಹೋಗಿದ್ದವರು ಬಂದರು. ಕತ್ತಲಲ್ಲಿ ಬಾಗಿಲು ತಳ್ಳಿದ ಒಬ್ಬ ನನ್ನ ಕಾಲು ತುಳಿದು, ಬಗ್ಗಿ ಮುಖ ನೋಡಿ ತಡೆದು ನಿಂತ.

"ಎಂತ ಮಾರಾಯ, ನೀನು ಇಲ್ಲಿದ್ದೀಯಾ? ನಿನ್ನ ಸ್ವರ ಕೇಳಿ, ಆಮೆಯನ್ನೂ ನೀನೇ ತಿಂದು ಹಾಕಿದೆ ಅಂತ ನಾವು ಜಗಲಿಯಿಂದಲೇ ಬೈತಾ ಬಂದದ್ದು."

"ನಾನಲ್ಲ ಅದು."

"ಮತ್ತೆ ಯಾರು?"

ಅವನಿಗೂ ನನಗೂ ಒಟ್ಟಿಗೆ ತಿಳಿಯಿತು. ಅವನು ನಗುತ್ತಾ ಅಲ್ಲೇ ನೆಲಕ್ಕೆ ಕೂತ. ನಾನು ಕಾಲು ಒಳಕ್ಕೆ ಎಳೆದುಕೊಂಡೆ.

ಕೊನೆಯ ದೃಶ್ಯಕ್ಕೆ ಕ್ಯಾಪ್ಟನ್ ಬಂದ. ಸ್ಟೂಲಿಗೆ ಹೋಗಿ ಕೂತೆ. ಆಮೆಯನ್ನು ಎತ್ತಿಕೊಂಡು ಅವನು ಒಂದು ಉದ್ದ ಮಾತು ಹೇಳಬೇಕು. ಕಂಡಕ್ಟರನ ಗತ್ತನ್ನು ನೆನೆದು ಬಾಯಿ ತೆರೆದೆ, ಮೊದಲು ಹೊರಟದ್ದು ಸೊರ್ ಎಂದು ಮೂಗು. ಕೋಣೆಯೇ ಬಿದ್ದುಬಿಡುವ ಹಾಗೆ ನಕ್ಕರು. ಮತ್ತೊಮ್ಮೆ ಪ್ರಯತ್ನಿಸಿದೆ. ನನ್ನ ಕಂಡಕ್ಟರನೂ ಆಮೆಯ ಹಾಗೆಯೇ ಮಾತಾಡುತ್ತಾನೆ ಎಂದು ನನಗೇ ಕೇಳಿಸಿತು. ಬಾಯಿ ಮುಚ್ಚಿದೆ. ಕ್ಯಾಪ್ಟನ್ ಪರದೆಯ ಮೇಲೆ ಸ್ವರವಿಲ್ಲದೆ ತುಟಿ ಆಡಿಸುತ್ತಾ ಆ ಸಿಮೆಂಟು ಕಡಲಿನಲ್ಲಿ ಹೊರಟುಹೋದ.

ಮಾಷ್ಟ್ರು ಬೆಂಚಿನವನ ಹೆಸರು ಬರೆದರು. ನಾನು ಸ್ಟಾಫ್ ರೂಮಿನ ಬಾಗಿಲಲ್ಲಿ ಜಗಳಕ್ಕೆ ನಿಂತೆ.

"ಸರ್, ಅವನಿಗೆ ಬರುದು ಒಂದೇ ಸ್ವರ. ನಂಗೆ ಮೂವತ್ತು ಬರ್ತದೆ."

"ನಿನ್ನ ಮೂವತ್ತರಲ್ಲಿ ಒಂದನ್ನಾದ್ರೂ ಹೊರಗಿನಿಂದ ಕೇಳಿದವ ನಿಜ ಅಂತ ನಂಬಿದ್ದುಂಟಾ?" ಎಂದು ಅವರು ಬಣ್ಣದ ತಟ್ಟೆ ತೊಳೆಯಲು ಹೋದರು.

ಕಲೋತ್ಸವಕ್ಕೆ ನಾನೂ ಹೋದೆ, ಸಮೂಹ ಗಾನದಲ್ಲಿ ಏಳನೆಯವನಾಗಿ. ಬಾಯಿ ಆಡಿಸಿದರೆ ಸಾಕೆಂದು ಟೀಚರು ಮೊದಲೇ ಹೇಳಿದ್ದರು. ಹಾಡು ಮುಗಿಸಿ ಮಿಮಿಕ್ರಿಯ ಕೋಣೆಗೆ ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತೆ. ಅವನು ಬೀಳುವುದನ್ನು ನೋಡಲೆಂದೇ ಹೋದದ್ದು.

ಅವನಿಗಿಂತ ಮೊದಲು ಬಂದವರು ರೈಲು ಬಿಟ್ಟರು, ಪಟಾಕಿ ಹೊಡೆದರು, ನಾಯಿ ಬೊಗಳಿಸಿದರು. ಚಪ್ಪಾಳೆ ಬಿತ್ತು. ಇವನು ಮೈಕಿನ ಮುಂದೆ ನಿಂತು ಮೂಗು ಎಳೆದು, "ಅದೆಲ್ಲ ಬಿಡು, ನಾನು ಹೇಳ್ತೇನೆ ಕೇಳು" ಎಂದ. ಮೂರು ಜನ ತೀರ್ಪುಗಾರರು ತಲೆ ಎತ್ತಿ ನೋಡಿದರು. ಕಾದರು. ಅವರ ಮಟ್ಟಿಗೆ ಯಾರೋ ಒಬ್ಬ ಹುಡುಗ ಸುಮ್ಮನೆ ಮಾತಾಡುತ್ತಿದ್ದಾನೆ, ಅಷ್ಟೆ. ಅವನು ನಿಲ್ಲಿಸಲಿಲ್ಲ. ನಾನು ಜೋಕಿನ ನಡುವೆ ಉಸಿರು ಹಿಡಿಯುವುದು, ಯಾರೂ ನಗದಿದ್ದರೆ ಅದೇ ಜೋಕನ್ನು ಇನ್ನೂ ಗಟ್ಟಿಯಾಗಿ ಹೇಳುವುದು, ಆಮೇಲೆ ಬೇಕೆಂದೇ ಹಾಗೆ ಮಾಡಿದೆ ಎಂಬ ಹಾಗೆ ನಗುವುದು, ಎಲ್ಲ ಇತ್ತು. ಒಬ್ಬ ತೀರ್ಪುಗಾರ ಪೆನ್ನಿನ ಮುಚ್ಚಳ ಹಾಕಿದ.

ಆ ಕೋಣೆಯಲ್ಲಿ ಅಸಲು ಮನುಷ್ಯನನ್ನು ಬಲ್ಲವನು ನಾನೊಬ್ಬನೇ. ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ಗೊತ್ತಾದದ್ದೂ ನನಗೊಬ್ಬನಿಗೇ. ಅವನು ಮುಗಿಸಿ ಕೈಮುಗಿದಾಗ ಇಡೀ ಕೋಣೆ ಸುಮ್ಮನಿತ್ತು. ಹಿಂದಿನ ಗೋಡೆಯ ಬಳಿ ನನ್ನನ್ನು ಕಂಡು, ಕಣ್ಣು ತೆಗೆಯದೆ ಅಲ್ಲೇ ನಿಂತ.

ನಾನು ಕೈ ತಟ್ಟಲಿಲ್ಲ.