ಮಡಚುವ ಕೋಣೆಯ ಸೊಲ್ಲಕ್ಕ

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಹದಿನಾರು ಹೆಂಗಸರು ಬೆಡ್‌ಶೀಟ್ ಮಡಚುತ್ತಾರೆ. ಇಬ್ಬಿಬ್ಬರದು ಒಂದೊಂದು ಜೋಡಿ. ಎದುರೆದುರು ನಿಂತು ಮೂಲೆ ಹಿಡಿಯಬೇಕು, ಜೋರಾಗಿ ಒಮ್ಮೆ ಕೊಡವಬೇಕು, ಅರ್ಧಕ್ಕೆ ಮಡಚಿ, ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಇಬ್ಬರ ಕೈ ಒಂದೇ ಗಳಿಗೆಗೆ ಏಳದಿದ್ದರೆ ಬಟ್ಟೆ ಸೊಟ್ಟಗಾಗುತ್ತದೆ, ಮತ್ತೆ ಬಿಚ್ಚಬೇಕು. ಆ ಗಳಿಗೆ ಯಾವುದೆಂದು ಇಪ್ಪತ್ತಾರು ವರ್ಷ ಹಾಡಿ ಹೇಳಿದವಳು ಸೊಲ್ಲಕ್ಕ. ಮೊದಲ ಸೊಲ್ಲು ಎತ್ತುವವಳಾದ್ದರಿಂದ ಆ ಹೆಸರು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಅವಳ ದನಿ ಇಂಪೇನಲ್ಲ. ತಗಡಿನ ಮೇಲೆ ಮೊಳೆ ಎಳೆದ ಹಾಗಿದೆ ಎಂದು ಕಟ್ಟಿಕೊಂಡ ಗಂಡನೇ ಹೇಳುತ್ತಾನೆ. ಯಂತ್ರಗಳ ಗದ್ದಲ ಸೀಳಿಕೊಂಡು ಹೋಗಲು ಅಂಥ ದನಿಯೇ ಬೇಕಿತ್ತು. ಅವಳು ಒಂದು ಸಾಲು ಎಸೆದರೆ ಉಳಿದ ಹದಿನೈದು ಜನ ಹಿಡಿದು ತಿರುಗಿ ಎಸೆಯುತ್ತಿದ್ದರು. ಹಾಡು ಆಯಾ ದಿನದ್ದು. ಯಾರ ಮಗುವಿಗೆ ಹಲ್ಲು ಬಂತು, ಯಾರ ಅತ್ತೆ ಮುನಿಸಿಕೊಂಡಳು, ಎಲ್ಲವೂ ಅದರೊಳಗೆ ಬರುತ್ತಿತ್ತು.

ಕೊಡವೇ ತಂಗಿ ಕೊಡವೇ, ಮೂಲೆ ನೋಡಿ ಹಿಡಿಯೇ
ಮೇಸ್ತ್ರಿ ಮೂಗಿನ ಮೇಲಿನ ಕೋಪ ಮಡಚಿ ಒಳಗೆ ಇಡೇ

ಮೇಸ್ತ್ರಿಯೇ ಬಾಗಿಲ ಹಿಂದೆ ನಿಂತು ಇದನ್ನು ಕೇಳಿ ನಗುತ್ತಿದ್ದುದುಂಟು.

ಆ ಹಾಡಿಗೆ ಇನ್ನೊಂದು ಕೆಲಸವೂ ಇತ್ತು, ಯಾರೂ ಬಾಯಿಬಿಟ್ಟು ಹೇಳದ್ದು. ಹಾಡುವಾಗ ಸೊಲ್ಲಕ್ಕನ ಕಣ್ಣು ಎಲ್ಲರಿಗಿಂತ ನಿಧಾನದ ಕೈ ಮೇಲೆ ಇರುತ್ತಿತ್ತು. ಏಳು ವರ್ಷದಿಂದ ಅದು ಅವಳ ವಾರಗಿತ್ತಿಯ ಕೈ. ಮೆಟ್ಟಿಲಿಂದ ಬಿದ್ದಮೇಲೆ ವಾರಗಿತ್ತಿಯ ಎಡತೋಳು ಸಲೀಸಾಗಿ ಮೇಲೇಳದು. ಅದು ಏಳುವಷ್ಟು ಹೊತ್ತು ಸೊಲ್ಲಕ್ಕ ಪದ ಎಳೆಯುತ್ತಿದ್ದಳು, ಎಂಟೂ ಜೋಡಿ ಅಷ್ಟು ಹೊತ್ತು ಬಟ್ಟೆ ಹಿಡಿದು ನಿಲ್ಲುತ್ತಿತ್ತು. ಮಡಚಿದ ಬಟ್ಟೆಯ ಲೆಕ್ಕ ಇಡೀ ಕೋಣೆಯದಾದ್ದರಿಂದ ಯಾರು ಹಿಂದೆ ಎಂಬುದು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಗಂಡನನ್ನು ಕಳೆದುಕೊಂಡ ವಾರಗಿತ್ತಿಗೆ ಆ ಕೆಲಸವೇ ಅನ್ನ.

ಆಮೇಲೆ ಹೊಸ ಮ್ಯಾನೇಜರ್ ಬಂದ. ಹಾಡು ಕೇಳಿ ತಲೆದೂಗಿದ. ಒಂದು ಬೆಳಿಗ್ಗೆ ಸೊಲ್ಲಕ್ಕನನ್ನು ತನ್ನ ಆಫೀಸಿಗೆ ಕರೆದು, ಕುರ್ಚಿ ಕೊಟ್ಟು, ಮುಂದೆ ಫೋನು ಹಿಡಿದು ಹಾಡಿ ಅಂದ. ಕುರ್ಚಿ ಸಿಕ್ಕಿದ್ದೇ ಅವಳ ತಲೆಗೇರಿತು. ಕೈಯಲ್ಲಿ ಬಟ್ಟೆಯಿಲ್ಲ, ಕಣ್ಣೆದುರು ವಾರಗಿತ್ತಿಯಿಲ್ಲ. ಇಪ್ಪತ್ತರ ಪ್ರಾಯದವಳ ಹಾಗೆ, ಎಲ್ಲೂ ಎಳೆಯದೆ, ಚುರುಕಾಗಿ ಹಾಡಿ ಮುಗಿಸಿದಳು.

ಸೋಮವಾರ ಗೋಡೆಯ ಸ್ಪೀಕರಿನಿಂದ ಅವಳದೇ ದನಿ ಬಂತು. ನೀವಿನ್ನು ಗಂಟಲು ನೋಯಿಸಿಕೊಳ್ಳುವುದು ಬೇಡ ಎಂದ ಮ್ಯಾನೇಜರ್. ಹೆಂಗಸರು ಮೊದಲ ದಿನ ನಗುತ್ತ ದನಿಗೂಡಿಸಿದರು. ಮರುದಿನ ಬರಿ ತುಟಿ ಆಡಿಸಿದರು. ಸ್ಪೀಕರು ಯಾರಿಗೂ ಕಾಯಲಿಲ್ಲ. ಭಾರದ ಕಂಬಳಿ ಬಂದರೂ ಅದೇ ಓಟ. ವಾರಗಿತ್ತಿ ಪ್ರತಿ ಸಾಲಿಗೂ ಅರ್ಧ ಮಡಿಕೆ ಹಿಂದೆ ಬಿದ್ದಳು. ದಿನಕ್ಕೆ ನಲವತ್ತು ಸಲ ಅದೇ ಹಾಡು ಕೇಳಿ ಸೊಲ್ಲಕ್ಕನಿಗೆ ತನ್ನ ದನಿಯ ಮೇಲೇ ವಾಕರಿಕೆ ಬಂತು, ತಾನು ಉಗಿದದ್ದನ್ನು ತಾನೇ ನುಂಗುತ್ತಿದ್ದೇನೆ ಅನ್ನಿಸಿತು.

ಮೂರನೆಯ ವಾರಕ್ಕೆ ಹೆಂಗಸರು ಒಬ್ಬೊಬ್ಬರಾಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರು. ಒಬ್ಬಳಿಗೆ ಸಿನಿಮಾ ಹಾಡು, ಅವಳ ಜೋಡಿಗೆ ಧಾರಾವಾಹಿ. ಎತ್ತು ಏರಿಗೆ, ಕೋಣ ನೀರಿಗೆ. ಬಟ್ಟೆಗಳು ಸೊಟ್ಟಗಾದವು, ದಿನದ ಲೆಕ್ಕ ಇಳಿಯಿತು. ಮ್ಯಾನೇಜರ್ ಸ್ಪೀಕರ್ ಆಫ್ ಮಾಡಿಸಿ, ಪ್ರತಿ ಜೋಡಿ ಎಷ್ಟು ಮಡಚಿತೆಂದು ಬೋರ್ಡಿನ ಮೇಲೆ ಬರೆಸತೊಡಗಿದ. ತಳದಲ್ಲಿ ಯಾವಾಗಲೂ ವಾರಗಿತ್ತಿಯ ಜೋಡಿ. ಶನಿವಾರದವರೆಗೆ ನೋಡುತ್ತೇನೆ, ಸುಧಾರಿಸದಿದ್ದರೆ ಬೇರೆಯವರನ್ನು ತಗೊಳ್ಳುತ್ತೇನೆ ಎಂದು ಅವಳಿಗೆ ಹೇಳಿದ.

ಶನಿವಾರ ಬೆಳಿಗ್ಗೆ ಸೊಲ್ಲಕ್ಕ ತಾನೇ ಸೊಲ್ಲೆತ್ತಿದಳು. ಮೊದಲಿನ ಹಾಗೆ ನಿಧಾನಕ್ಕೆ, ಪದ ಎಳೆದು. ವಾರಗಿತ್ತಿ ಒಬ್ಬಳೇ ತಿರುಗಿ ಹೇಳಿದಳು. ಉಳಿದ ಹದಿನಾಲ್ಕು ಜನರ ತಲೆ ಅವರವರ ಕಿವಿಯ ತಾಳಕ್ಕೆ ತೂಗುತ್ತಿತ್ತು. ಮೂರನೆಯ ಜೋಡಿಯ ಹೆಂಗಸು ಮಾತ್ರ ಒಂದು ಕಿವಿ ಬಿಡಿಸಿಕೊಂಡಳು. ಅವಳ ಇಬ್ಬರು ಮಕ್ಕಳು ಹುಟ್ಟಿದಾಗಲೂ ಸೊಲ್ಲಕ್ಕ ಹಾಡು ಕಟ್ಟಿದ್ದಳು. ಇವಳೊಬ್ಬಳು ಬಂದರೆ ಉಳಿದವರೂ ಬಂದಾರು ಎಂದುಕೊಂಡಳು ಸೊಲ್ಲಕ್ಕ. ಹೆಂಗಸು ಬಟ್ಟೆ ಕೆಳಗಿಟ್ಟು ಫೋನು ತೆಗೆದು ಎತ್ತಿ ಹಿಡಿದಳು.

"ಇನ್ನೊಂದ್ಸಲ ಹೇಳಕ್ಕ, ಮೊದಲನೇ ಸಾಲು ಸಿಗಲಿಲ್ಲ."

"ಅದನ್ನ ಅತ್ಲಾಗಿಟ್ಟು ನೀನೂ ಹೇಳೇ."

"ಅಯ್ಯೋ ನಂಗೆ ನಾಚಿಕೆ. ನೀನು ಹಾಡು, ನಾನು ಎಲ್ರಿಗೂ ಕಳಿಸ್ತೀನಿ."

"ಎಲ್ರೂ ಇಲ್ಲೇ ಇದ್ದಾರಲ್ಲೇ" ಅಂದಳು ಸೊಲ್ಲಕ್ಕ.

ಹೆಂಗಸು ಅದನ್ನೂ ಫೋನಿಗೆ ಹಿಡಿದುಕೊಂಡಳು. ಬಾಯಿಗಿಟ್ಟ ತುತ್ತಿನಲ್ಲಿ ಕೂದಲು ಸಿಕ್ಕಿದವಳ ಹಾಗೆ ಸೊಲ್ಲಕ್ಕ ಮುಖ ಕಿವುಚಿದಳು. ಮಿಕ್ಕ ಸಾಲನ್ನು ಹಾಡಲಿಲ್ಲ.

ಊಟದ ಹೊತ್ತಿಗೆ ಅವಳು ಮ್ಯಾನೇಜರ್ ಹತ್ತಿರ ಹೋದಳು. ತನ್ನನ್ನೂ ವಾರಗಿತ್ತಿಯನ್ನೂ ಕೆಳಗಿನ ಕೋಣೆಗೆ ಹಾಕಿ ಎಂದು ಕೇಳಿದಳು. ಕೆಳಗಿನ ಕೋಣೆಗೆ ಆಸ್ಪತ್ರೆಯಿಂದ ಬಂದ ಬಟ್ಟೆ ಬಂದಹಾಗೇ ಬಂದು ಬೀಳುತ್ತದೆ. ರಕ್ತ, ಕೀವು, ವಾಂತಿ, ಇನ್ನೂ ಏನೇನೋ. ಅದನ್ನು ಬಿಚ್ಚಿ ಬೇರೆ ಬೇರೆ ಮಾಡಬೇಕು. ಅಲ್ಲಿ ತಿಂಗಳು ನಿಂತವರಿಲ್ಲ, ಆದ್ದರಿಂದ ಲೆಕ್ಕ ಕೇಳುವವರೂ ಇಲ್ಲ. ಮೇಜು ಸೊಂಟದೆತ್ತರಕ್ಕಿದೆ, ತೋಳು ಮೇಲೆತ್ತಬೇಕಾಗಿಲ್ಲ. ಕೇಳಿದ್ದು ನಿಜವೋ ಎಂದು ಮ್ಯಾನೇಜರ್ ಎರಡು ಸಲ ಕೇಳಿ ಖಚಿತಮಾಡಿಕೊಂಡು ಸಹಿ ಹಾಕಿದ.

ಮೆಟ್ಟಿಲಿಳಿಯುವಾಗ ವಾರಗಿತ್ತಿ ಅತ್ತಳು. "ನನ್ನಿಂದ ನೀನ್ಯಾಕಕ್ಕ ಈ ಹೊಲಸಿಗೆ ಇಳೀತೀಯ?"

"ಇದು ಒಗೆದ್ರೆ ಹೋಗೋ ಹೊಲಸು. ಸುಮ್ನೆ ಬಾ."

ಈಗ ಇಬ್ಬರೂ ಅಲ್ಲೇ ಇದ್ದಾರೆ. ಮುಖಕ್ಕೆ ಎರಡೆರಡು ಮಾಸ್ಕ್, ಮೊಣಕೈವರೆಗೆ ಗ್ಲೌಸ್. ಬಾಯಿ ತೆರೆದರೆ ನಾತ ನಾಲಿಗೆಗೆ ತಾಗುತ್ತದೆ, ಹಾಗಾಗಿ ಹಾಡಿಲ್ಲ. ದೊಡ್ಡ ಗಂಟು ಬಂದಾಗ ಸೊಲ್ಲಕ್ಕ ತನ್ನ ತುದಿ ಹಿಡಿದು ಸುಮ್ಮನೆ ನಿಲ್ಲುತ್ತಾಳೆ. ಆ ಕಡೆಯ ಕೈಗೆ ಇನ್ನೊಂದು ತುದಿ ಸಿಕ್ಕಿದಮೇಲೆ ಇಬ್ಬರೂ ಎಳೆಯುತ್ತಾರೆ.