ನನ್ನ ಬೆರಳುಗಳಿಗೆ ಓದು ಬಾರದು

ಕೆಲವರಿಗೆ ತಂಬಾಕಿನ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನ್ನದು ರಿಪೋರ್ಟ್ ಓದುವ ಚಟ. ಇದಕ್ಕೆ ತಿಕೋಟಾದ ದ್ರಾಕ್ಷಿಯೇ ಕಾರಣವೆಂದು ನಾನು ಹೇಳುತ್ತೇನೆ. ಹುಟ್ಟುಗುಣವೆಂದು ನನ್ನ ಹೆಂಡತಿ ಮಹಾದೇವಿ ಹೇಳುತ್ತಾಳೆ. ದ್ರಾಕ್ಷಿ ಬೆಳೆಯುವವನು ಮಣ್ಣು ಪರೀಕ್ಷೆ ಮಾಡಿಸಬೇಕು, ನೀರು ಪರೀಕ್ಷೆ ಮಾಡಿಸಬೇಕು, ಎಲೆಯ ತೊಟ್ಟನ್ನೂ ಕಿತ್ತು ಲ್ಯಾಬಿಗೆ ಕಳಿಸಬೇಕು. ಹೀಗೆ ಓದಿ ಓದಿ, ಯಾವ ಕಾಗದದಲ್ಲಾದರೂ ಎಡಕ್ಕೊಂದು ಅಂಕಿ, ಬಲಕ್ಕೆ ‘ಇಷ್ಟಿರಬೇಕು’ ಎಂಬ ಇನ್ನೊಂದು ಅಂಕಿ ಕಂಡರೆ ಸಾಕು, ನನ್ನೊಳಗಿನ ಪಂಡಿತ ತಲೆಗೆ ಪಟಗ ಸುತ್ತಿಕೊಂಡು ಎದ್ದು ಕೂರುತ್ತಾನೆ.

ಹೋದ ಬೇಸಿಗೆಯಲ್ಲಿ ನನ್ನ ಬೆರಳುಗಳು ಮುಂಜಾನೆಯ ಪಾಳಿಗೆ ಬರಲು ನಿರಾಕರಿಸಿದವು. ಗೆಣ್ಣುಗಳು ಬಾತು ಬಿಗಿದುಕೊಳ್ಳುತ್ತಿದ್ದವು. ಚಹಾದ ಬಸಿಯನ್ನು ಎರಡೂ ಅಂಗೈಯಲ್ಲಿ ಎತ್ತಿ ತೀರ್ಥದ ಹಾಗೆ ಕುಡಿಯುತ್ತಿದ್ದೆ. ಬಿಸಿಲು ಏರಿದ ಮೇಲೆ ಅವೇ ಬೆರಳು ಸಡಿಲಾಗಿ, ಏನೂ ಅರಿಯದ ಮಕ್ಕಳಂತೆ ಇರುತ್ತಿದ್ದವು. ನಗುತ್ತಲೇ ಹೇಳುತ್ತಿದ್ದೇನೆ, ಆದರೆ ನನಗೆ ಹೆದರಿಕೆಯಾಗಿತ್ತು. ನನ್ನ ಅವ್ವನ ಬೆರಳೂ ಮೊದಲು ಹೀಗೇ ಬಾತು, ಕೊನೆಗೆ ಒಂದೇ ಕಡೆ ವಾಲಿ ನಿಂತುಬಿಟ್ಟಿದ್ದವು. ಆಕೆಗೆ ನಾವೇ ತುತ್ತು ಮಾಡಿ ಉಣಿಸುತ್ತಿದ್ದೆವು. ನನಗೆ ಬೇಕಾದದ್ದು ಒಂದೇ: ಅಕ್ಟೋಬರಿನ ಚಾಟ್ನಿಗೆ, ಅಂದರೆ ಬಳ್ಳಿಯ ಕಡ್ಡಿ ಸವರುವ ಕೆಲಸಕ್ಕೆ, ಕತ್ತರಿ ಹಿಡಿಯುವ ಕೈ.

ಕಾರಹುಣ್ಣಿಮೆ ಮುಗಿದ ಮೇಲೆ ವಿಜಯಪುರದ ಲ್ಯಾಬೊಂದಕ್ಕೆ ಹೋಗಿ, ಯಾವ ಡಾಕ್ಟರನ್ನೂ ಕೇಳದೆ, ರಕ್ತ ಕೊಟ್ಟು ಬಂದೆ. ಪರೀಕ್ಷೆಗೆ ಮಣ್ಣು ಕೊಡುವಾಗ ನಾನು ಯಾರನ್ನು ಕೇಳುತ್ತೇನೆ? ರಿಪೋರ್ಟ್ ಬಂತು. ರುಮಟಾಯ್ಡ್ ಫ್ಯಾಕ್ಟರ್ ಎಂಬ ಸಾಲಿನೆದುರು ‘ನೆಗೆಟಿವ್’ ಎಂದಿತ್ತು. ರುಮಟಾಯ್ಡ್ ಎಂದರೆ ಅವ್ವನಿಗಿದ್ದ ಸಂಧಿವಾತ. ಅದೇ ಇಲ್ಲವೆಂದ ಮೇಲೆ ಇನ್ನೇನು, ಬಸ್ ಸ್ಟ್ಯಾಂಡಿನ ಬಳಿ ಪೇಡೆ ಕೊಂಡು ಮನೆಗೆ ಬಂದೆ.

ಕೆಳಗೆ ಇಎಸ್‌ಆರ್, ಸಿಆರ್‌ಪಿ ಎಂಬ ಎರಡು ಅಂಕಿಗಳು ಗೆರೆ ದಾಟಿ ನಿಂತಿದ್ದವು, ನಿಜ. ಆದರೆ ಮಣ್ಣಿನಲ್ಲಿ ಉಪ್ಪು ಗೆರೆ ದಾಟಿದರೆ ನಾವು ನೀರು ಹಾಯಿಸಿ ತೊಳೆಯುತ್ತೇವೆ. ಅದೇ ಶಾಸ್ತ್ರವನ್ನು ಇಲ್ಲಿಗೂ ಹಚ್ಚಿ ತಂಬಿಗೆಗಟ್ಟಲೆ ನೀರು ಕುಡಿದೆ. ಇದರಿಂದ ರಕ್ತ ತೊಳೆಯಿತೋ ಇಲ್ಲವೋ ಗೊತ್ತಿಲ್ಲ. ಮತ್ತೆ ಮತ್ತೆ ಎದ್ದು, ಬಾತ ಬೆರಳಿನಲ್ಲಿ ಹಿತ್ತಲ ಬಾಗಿಲಿನ ಚಿಲಕ ತೆಗೆಯುವ ಹೊಸ ಕಷ್ಟವೊಂದು ಗಂಟುಬಿತ್ತು.

ಮಹಾದೇವಿಗೂ ರಿಪೋರ್ಟನ್ನು ಗಟ್ಟಿಯಾಗಿ ಓದಿ ಹೇಳಿದೆ. ಆಕೆ ಆಗ ನಾನು ತೊಟ್ಟ ಅಂಗಿಯ ಗುಂಡಿ ಹಾಕುತ್ತಿದ್ದಳು.

“ನನಗ ಯಾಕ ಓದತೀರಿ? ನಿಮ್ಮ ಬೆರಳಿಗೆ ಓದಿ ಹೇಳ್ರಿ. ಅವಕ್ಕ ಇನ್ನಾ ಸುದ್ದಿ ಮುಟ್ಟಿಲ್ಲ.”

ಹೆಂಡತಿಯ ಮಾತಿಗೆ ಕಿವಿಗೊಟ್ಟರೆ ಪಂಡಿತನ ಮರ್ಯಾದೆ ಏನಾಗಬೇಕು? ಶಹಬ್ಬಾಸ್ ಎನ್ನಿಸಿಕೊಳ್ಳಲು ಬಬಲೇಶ್ವರದ ಗೆಳೆಯ ಹುಸೇನಸಾಬನಿಗೆ ಫೋನು ಹಚ್ಚಿದೆ. ಅವನದೂ ದ್ರಾಕ್ಷಿ ತೋಟ. ಹಿಂದಿನ ವರ್ಷ ಎಲೆತೊಟ್ಟಿನ ರಿಪೋರ್ಟ್ ಹಿಡಿದು ನನ್ನಲ್ಲಿಗೆ ಓಡಿಬಂದಿದ್ದ. “ಇದರಾಗ ಎಲ್ಲಾ ಚೊಲೋ ಐತಿ ಅಂತ ಬರದಾರ. ತ್ವಾಟದಾಗ ನೋಡಿದ್ರ ಎಲಿ ಹಳದಿ ಆಗಾಕತ್ತಾವು” ಎಂದು ಗೋಳಾಡಿದ್ದ. ನಾನು ಗಂಭೀರವಾಗಿ, “ಕಾಗದ ಬಾಜೂಕ ಇಡೋ. ಮೊದಲ ಬಳ್ಳಿ ತೋರಸು” ಎಂದಿದ್ದೆ. ಆ ಒಂದು ಮಾತಿನಿಂದ ಸುತ್ತಲಿನ ತೋಟಗಳಲ್ಲಿ ನನ್ನ ಹೆಸರೂ ಓಡಾಡಿತ್ತು.

ಈಗ ನನ್ನ ನೆಗೆಟಿವ್ ಸುದ್ದಿಯನ್ನು ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ: “ಕಾಗದ ಚೊಲೋ ಆತು ಬಿಡು. ಬಳ್ಳಿ ಹೆಂಗೈತಿ?”

ನನ್ನ ಬೆಲ್ಲವನ್ನೇ ನನಗೆ ತಿನ್ನಿಸಿದರೆ ಇಷ್ಟು ಕಹಿಯಿರುತ್ತದೆಂದು ಗೊತ್ತಿರಲಿಲ್ಲ. ಫೋನು ಹಿಡಿದ ಬೆರಳು ನೋಯುತ್ತಿದ್ದವು. ಮರುದಿನವೇ ಮಹಾದೇವಿಯನ್ನು ಕರೆದುಕೊಂಡು ವಿಜಯಪುರದ ಡಾಕ್ಟರ್ ಮೇಡಂ ಬಳಿ ಹೋದೆ. ಫೈಲು ಚಾಚಿದೆ. ಅವರು ಫೈಲನ್ನು ಬಿಟ್ಟು, ಅದನ್ನು ಹಿಡಿದಿದ್ದ ಕೈಯನ್ನು ತೆಗೆದುಕೊಂಡು ಒಂದೊಂದೇ ಗೆಣ್ಣು ಒತ್ತಿ ನೋಡಿದರು. ಮುಂಜಾನೆಯ ಬಿಗಿತ ಎಷ್ಟು ಹೊತ್ತು ಇರುತ್ತದೆಂದು ಕೇಳಿದರು. ನಾನು ಲೆಕ್ಕ ಹಾಕುವುದರೊಳಗೆ ಮಹಾದೇವಿ, “ಎರಡನೇ ಚಾದ ತನಕ ಇರತೈತ್ರಿ” ಎಂದುಬಿಟ್ಟಳು.

“ನೋಡ್ರಿ, ಈ ಫ್ಯಾಕ್ಟರ್ ಇಲ್ಲದವರಿಗೂ ಈ ಬ್ಯಾನಿ ಇರತೈತಿ. ಇದ್ದವರಿಗೆಲ್ಲಾ ಬ್ಯಾನಿ ಇರಬೇಕಂತನೂ ಇಲ್ಲ,” ಎಂದರು ಡಾಕ್ಟರು. “ಇಎಸ್‌ಆರ್, ಸಿಆರ್‌ಪಿ ಏರ್ಯಾವು ಅಂದ್ರ ಒಳಗ ಎಲ್ಲೋ ಉರಿಯೂತ ಐತಿ ಅಂತಷ್ಟ. ಎಲ್ಲಿ, ಯಾಕ ಅಂತ ಅವು ಹೇಳೂದಿಲ್ಲ. ಅದನ್ನ ಕೈ ನೋಡೇ ತಿಳಕೋಬೇಕು.”

ಆ್ಯಂಟಿ ಸಿಸಿಪಿ ಎಂಬ ಇನ್ನೊಂದು ಪರೀಕ್ಷೆ ಬರೆದುಕೊಟ್ಟರು. ಅದು ಗೆರೆಯನ್ನು ಎಷ್ಟೋ ದೂರ ದಾಟಿ ಬಂತು. ಕೈಯ ಬಾವು, ಬಿಗಿತ, ಈ ಅಂಕಿ, ಎಲ್ಲ ಸೇರಿಸಿ ನೋಡಿದರೆ ಅವ್ವನ ಕಾಯಿಲೆಯೇ. ನನಗೆ ಅಳು ಬಂತು, ಕೆಮ್ಮಿದಂತೆ ಮಾಡಿ ಮುಚ್ಚಿಕೊಂಡೆ. “ಲಗೂನ ಬಂದೀರಿ. ಕೈ ಉಳಸೂಣು,” ಎಂದರು ಡಾಕ್ಟರು. ಪೇಡೆ ತಿನ್ನುತ್ತ, ನೀರು ಕುಡಿಯುತ್ತ ಇನ್ನೊಂದು ವರ್ಷ ಕೂತಿರುತ್ತಿದ್ದೆನಲ್ಲ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ವಾರಕ್ಕೊಮ್ಮೆ ಗುಳಿಗೆ ಶುರುವಾಯಿತು, ನಡುನಡುವೆ ಮತ್ತೆ ರಕ್ತ ಪರೀಕ್ಷೆ. ಹೀಗಾಗಿ ನನ್ನ ಚಟಕ್ಕೇನೂ ಕೊರತೆಯಾಗಿಲ್ಲ. ಈಗಲೂ ಓದುತ್ತೇನೆ, ಡಾಕ್ಟರು ಓದಿದ ಮೇಲೆ.

ಅಕ್ಟೋಬರ್ ಬಂತು. ಆಳುಗಳ ಜೊತೆ ನಾನೂ ಒಂದು ಸಾಲು ಹಿಡಿದೆ. ಮೊದಲ ಕಡ್ಡಿಗೆ ಕತ್ತರಿ ಇಟ್ಟು ಒತ್ತಿದೆ. ಕಡ್ಡಿ ಟಕ್ಕೆಂದು ಬಿತ್ತು. ಇನ್ನೊಂದು ಬಿತ್ತು. ಸಾಲಿನ ತುದಿಯಲ್ಲಿ ಚಹಾ ತಂದು ನಿಂತಿದ್ದ ಮಹಾದೇವಿ ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಹತ್ತಿರ ಬಂದು ಬಸಿ ಚಾಚಿದಳು. ಒಂದೇ ಕೈಯಲ್ಲಿ ತೆಗೆದುಕೊಂಡೆ.

“ಇವತ್ತಿಗಿಷ್ಟ ಸಾಕ್ರಿ,” ಎಂದಳು ನನ್ನ ಕೈಯನ್ನೇ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ರಿಪೋರ್ಟ್ ಬಂತು.”